ಭಾವನ ಮುಂದಿನ ಸೀಟು

ನಮ್ಮ ಭಾವನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುತ್ತೇನೆ ಎಂದು ಯಾರಾದರೂ ಹೇಳಿದರೆ, ಅವರು ಭಾವನನ್ನು ಇನ್ನೂ ಕಂಡಿಲ್ಲ ಎಂದೇ ತಿಳಿಯಿರಿ. ಭಾವನನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ. ಅವರೇ ನಮ್ಮನ್ನೆಲ್ಲ ಕರೆದುಕೊಂಡು ಹೋಗುವುದು, ನಾವು ಬೇಡವೆಂದರೂ! ನಮ್ಮಕ್ಕನನ್ನು ಮದುವೆಯಾಗಿ ಕ್ಯಾಂಪ್‌ಬೆಲ್‌ನಲ್ಲಿ ಸಂಸಾರ ಹೂಡಿದ ಈ ಮೈಸೂರಿನ ಮಹಾಶಯರು, ಊರಿನಿಂದ ಬಂದ ಒಬ್ಬ ನೆಂಟನನ್ನೂ ಬಿಡದೆ ಸ್ಯಾನ್ ಫ್ರಾನ್ಸಿಸ್ಕೋ ತೋರಿಸಿದ್ದಾರೆ. ಒಮ್ಮೆ ನಮ್ಮ ಸೋದರತ್ತೆಯನ್ನು ಕರೆದೊಯ್ದಾಗ ಮಂಜು ಮುಸುಕಿ, ಆ ಕೆಂಪು ಸೇತುವೆಯ ಒಂದು ಕಂಬವೂ ಕಾಣುತ್ತಿರಲಿಲ್ಲ. ಭಾವ ಎದೆಗುಂದಲಿಲ್ಲ. ಬರೀ ಬಿಳುಪಿನ ಕಡೆ ಬೆರಳು ಮಾಡಿ, ಕಂಬ ಇಲ್ಲಿ, ತಂತಿ ಅಲ್ಲಿ, ಆಚೆ ಗುಡ್ಡ ಎಂದು ಎಲ್ಲವನ್ನೂ ತೋರಿಸಿದರು. ಸೇತುವೆ ಬಹಳ ಚೆನ್ನಾಗಿತ್ತು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ.

ಫೋನಿನಲ್ಲಿ ದಾರಿ ಹೇಳುವ ಹೆಂಗಸಿನ ಜೊತೆಗೂ ಇವರಿಗೆ ಜಗಳ. ಆಕೆ ಎಡಕ್ಕೆ ಎಂದರೆ, ಇವಳಿಗೇನು ಗೊತ್ತು ಎಂದು ಭಾವ ಬಲಕ್ಕೆ ತಿರುಗಿಸುವವರು. ಇಂಥವರು ಒಂದು ಭಾನುವಾರ ಊಟದ ನಡುವೆ ತಲೆಯೆತ್ತಿ, ನ್ಯೂಜಿಲೆಂಡಿಗೆ ಹೋಗೋಣ, ಬೆಟ್ಟ ಹತ್ತೋಣ, ಸಮುದ್ರದಲ್ಲಿ ಕಯಾಕು ಅನ್ನೋ ಪುಟ್ಟ ದೋಣಿ ನಡೆಸೋಣ, ಎಲ್ಲಾ ಗೈಡೇ ನೋಡಿಕೊಳ್ಳುತ್ತಾರೆ ಎಂದಾಗ ನನ್ನ ತುತ್ತು ಕೈಯಲ್ಲೇ ಉಳಿಯಿತು. ಗೈಡೇ? ಭಾವನಿಗೇ?

ಅಕ್ಕನಿಗೆ ಆಗ ಪ್ರವಾಸದ ಮನಸ್ಸೇ ಇರಲಿಲ್ಲ. ವರ್ಷಗಳ ಹಿಂದೆ ಮಳೆಯಲ್ಲಿ ಫ್ರೀವೇ ಮೇಲೆ ಅವಳ ಕಾರು ಜಾರಿ, ಹಿಂದೆ ಬರುತ್ತಿದ್ದ ಟ್ರಕ್ಕು ಕೂದಲೆಳೆಯ ಅಂತರದಲ್ಲಿ ತಪ್ಪಿತ್ತು. ಅಂದಿನಿಂದ ಅವಳ ಡ್ರೈವಿಂಗು ಮನೆಯಿಂದ ಗ್ರೋಸರಿ ಅಂಗಡಿಯವರೆಗೆ ಮಾತ್ರ. ಪಾಲೋ ಆಲ್ಟೋದ ಆಫೀಸಿಗೆ ಅವಳನ್ನು ದಿನವೂ ಭಾವನೇ ಬಿಟ್ಟು, ಬಂದ ದಾರಿಯಲ್ಲೇ ಹಿಂದಿರುಗಿ ತಮ್ಮ ಆಫೀಸಿಗೆ ಹೋಗುತ್ತಿದ್ದರು. ಕೇಳಿದರೆ, ನನಗೆ ಡ್ರೈವಿಂಗು ಅಂದ್ರೆ ಇಷ್ಟ ಎನ್ನುವರು. ಈಗ ಅವಳ ಕಂಪನಿಯವರು ಬರ್ಕ್ಲಿಯ ಹೊಸ ಲ್ಯಾಬಿಗೆ ಅವಳನ್ನೇ ಮುಖ್ಯಸ್ಥೆಯಾಗಿ ಕರೆದಿದ್ದರು. ಅವಳು ಇಷ್ಟು ವರ್ಷ ಆಸೆಪಟ್ಟು ಕಾದಿದ್ದ ಕೆಲಸ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬರ್ಕ್ಲಿಗೆ ಓಡಾಡಬೇಕು, ಅಷ್ಟು ದೂರ ದಿನಾ ಬಿಟ್ಟುಬರುವುದು ಭಾವನಿಂದಲೂ ಆಗದ ಮಾತು. ಪ್ರವಾಸ ಮುಗಿಸಿ ಬಂದು ಆಗಲ್ಲ ಅಂತ ಹೇಳಿಬಿಡುತ್ತೇನೆ ಎಂದಳು ಅಕ್ಕ. ಭಾವ ನನ್ನನ್ನೂ ಸೇರಿಸಿ ಟಿಕೆಟ್ಟು ಮಾಡಿಸಿದರು.

ಆಮೇಲೆ ಶುರುವಾಯಿತು ನೋಡಿ ತಯಾರಿ! ಅವರ ಅಪಾರ್ಟ್‌ಮೆಂಟಿನ ಈಜುಕೊಳದ ಮೆಟ್ಟಿಲ ಮೇಲೆ, ಸೊಂಟದಷ್ಟು ನೀರಿನಲ್ಲಿ ಲೈಫ್ ಜಾಕೆಟ್ಟು ತೊಟ್ಟು ಕೂತು, ಕಸಪೊರಕೆಯ ಕೋಲು ಹಿಡಿದು ಭಾವ ಸಂಜೆಯೆಲ್ಲ ಹುಟ್ಟುಹಾಕಿದರು. ಪಕ್ಕದಲ್ಲಿ ಪುಟ್ಟ ಮಕ್ಕಳೆಲ್ಲ ಮೀನಿನಂತೆ ಈಜುತ್ತಿದ್ದರೆ ಇವರು ಮೆಟ್ಟಿಲು ಬಿಟ್ಟು ಕದಲಲಿಲ್ಲ. ಬರ್ಕ್ಲಿಯಲ್ಲಿ ಓದುವ ಮಗಳು ಬಂದು ನೋಡಿ, "ಅಪ್ಪಾ, ಪ್ಲೀಸ್, ಪೀಪಲ್ ನೋ ಮೀ ಹಿಯರ್" ಎಂದು ಒಳಗೆ ಹೋದಳು.

ನ್ಯೂಜಿಲೆಂಡಿನ ವಿಮಾನ ನಿಲ್ದಾಣದಲ್ಲಿ ತಿಂಡಿತೀರ್ಥವನ್ನೆಲ್ಲ ತೆಗೆದು ತೋರಿಸಬೇಕು. ಭಾವನಿಗೆ ಇದಕ್ಕಿಂತ ಹಬ್ಬ ಬೇರೆ ಬೇಕೆ? ಚೀಲ ಬಿಚ್ಚಿ, ಇದು ಚಟ್ನಿಪುಡಿ, ಇದು ಮೆಂತ್ಯದ ಹಿಟ್ಟು, ತುಪ್ಪ ಹಾಕಿಕೊಂಡು ಕಲಸಬೇಕು ಎಂದು ಹೇಳಿ, ಎಷ್ಟು ಕಲಸಬೇಕು ಎಂಬುದನ್ನೂ ಅಧಿಕಾರಿಗೆ ಹೇಳಿಕೊಟ್ಟರು. ಹಿಂದೆ ಸಾಲು ಬೆಳೆಯುತ್ತಲೇ ಹೋಯಿತು. ಕೊನೆಗೆ ಆತ ಹಸಿ ಹಣ್ಣು ಒಳಗೆ ಬಿಡುವಂತಿಲ್ಲವೆಂದು ಚೀಲದಲ್ಲಿದ್ದ ನಿಂಬೆಹಣ್ಣುಗಳನ್ನು ತೆಗೆದಿಟ್ಟುಕೊಂಡು, ಉಳಿದದ್ದನ್ನು ತಾನೇ ತುಂಬಿಕೊಟ್ಟು ನಮ್ಮನ್ನು ಬೇಗಬೇಗ ಕಳಿಸಿದ.

ಬೆಟ್ಟದ ದಾರಿಯಲ್ಲಿ ನಮ್ಮ ಗೈಡ್ ಒಬ್ಬ ಗಟ್ಟಿಮುಟ್ಟಾದ ಹುಡುಗಿ. ಆಕೆ ಮರದಷ್ಟು ಎತ್ತರದ ಜರೀಗಿಡವೊಂದನ್ನು ತೋರಿಸಲು ಬಾಯಿ ತೆರೆಯುವಷ್ಟರಲ್ಲಿ ಭಾವ ಮುಂದೆ ಹೋಗಿ, ತಮಗೆ ಗೊತ್ತಿಲ್ಲದ್ದನ್ನೆಲ್ಲ ಗುಂಪಿಗೆ ವಿವರಿಸಿಬಿಟ್ಟಿದ್ದರು. ಅವರನ್ನು ನಂಬಿದ ಒಂದು ಜರ್ಮನ್ ದಂಪತಿ ಅವರ ಹಿಂದೆಯೇ ಹೋಗಿ ಜೌಗಿನಲ್ಲಿ ಮಂಡಿತನಕ ಇಳಿದರು. ಹುಡುಗಿ ಬೈಯಲಿಲ್ಲ. ಎಲ್ಲರಿಗಿಂತ ಹಿಂದೆ ನಡೆಯುವವನದೇ ದೊಡ್ಡ ಜವಾಬ್ದಾರಿ, ಯಾರೂ ತಪ್ಪಿಸಿಕೊಳ್ಳದಂತೆ ನೀವೇ ನೋಡಿಕೊಳ್ಳಬೇಕು ಎಂದಳು. ಭಾವ ಅದನ್ನು ಪ್ರಮೋಷನ್ನು ಎಂದುಕೊಂಡರು!

ಮರುದಿನ ಸಮುದ್ರ. ದಡದ ಮೇಲೆ ಕಯಾಕುಗಳು ಸಾಲಾಗಿ ಮಲಗಿದ್ದವು. ಅಲ್ಲಿಯ ಅಂಗಡಿಯಿಂದ ಬೇರೆ ನಿಂಬೆಹಣ್ಣು ತಂದಿದ್ದ ಭಾವ, ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದರು. ಹೊಸ ಕಾರಿಗೆ ಮಾಡುವ ಪೂಜೆಯೇ ಬಾಡಿಗೆ ಕಯಾಕಿಗೂ. ಆದರೆ ನಿಂಬೆಹಣ್ಣು ಇಡಲು ಅದಕ್ಕೆ ಚಕ್ರವೆಲ್ಲಿದೆ? ಸುತ್ತ ಒಮ್ಮೆ ಪ್ರದಕ್ಷಿಣೆ ಮಾಡಿ ಯೋಚಿಸಿ, ಮೂತಿಯ ಅಡಿಗಿಟ್ಟರು. ಗೈಡ್ ಹುಡುಗಿ ಏನೆಂದು ಕೇಳಿ ತಿಳಿದುಕೊಂಡಳು. ನೋಡುತ್ತಿದ್ದಂತೆ ಜರ್ಮನ್ ದಂಪತಿಯೂ ತಮ್ಮ ಕಯಾಕಿಗೆ ಕುಂಕುಮ ಹಚ್ಚಿಸಿಕೊಂಡರು. ಜೌಗಿನ ನೆನಪು ಇನ್ನೂ ಹಸಿಯಾಗಿತ್ತಲ್ಲ!

ಇಬ್ಬರ ಕಯಾಕಿನಲ್ಲಿ ಹಿಂದೆ ಕೂತವರ ಕಾಲಬುಡದಲ್ಲಿ ಪೆಡಲುಗಳಿರುತ್ತವೆ, ದಿಕ್ಕು ತಿರುಗಿಸುವುದು ಅವರೇ. ಮುಂದೆ ಕೂತವರು ಸುಮ್ಮನೆ ಹುಟ್ಟುಹಾಕಬೇಕು. ಹಿಂದೆ ಯಾರು ಎಂದು ಹುಡುಗಿ ಕೇಳಿದಳು. ಎಲ್ಲರೂ ಭಾವನನ್ನು ನೋಡಿದೆವು. ಭಾವ ಸೀದಾ ಹೋಗಿ ಮುಂದಿನ ಸೀಟಿನಲ್ಲಿ ಕೂತರು.

"ಹಿಂದೆ ನೀನೇ ಕೂತ್ಕೋ."

"ನನ್ ಕೈಲಾಗಲ್ಲ ರೀ" ಎಂದಳು ಅಕ್ಕ.

"ಯಾಕಾಗಲ್ಲ? ಇಲ್ಲಿ ಹಿಂದಿನಿಂದ ಟ್ರಕ್ಕು ಬರಲ್ಲ."

ಹುಡುಗಿ ಭಾವನ ಲೈಫ್ ಜಾಕೆಟ್ಟು ಬಿಗಿಯುತ್ತ, ಈಜು ಬರುತ್ತದೆಯೇ ಎಂದು ಕೇಳಿದಳು. ಬರಲ್ಲ ಎಂದರು ಭಾವ, ಹೆಸರು ಹೇಳಿದಷ್ಟೇ ಸಲೀಸಾಗಿ. ಆ ಈಜುಕೊಳದ ಮೆಟ್ಟಿಲು ನನಗೆ ಆಗ ಅರ್ಥವಾಯಿತು.

ನಾನು ಹುಡುಗಿಯ ಕಯಾಕಿನಲ್ಲಿ ಪಕ್ಕದಲ್ಲೇ ಇದ್ದೆ. ಅಕ್ಕನ ಕಯಾಕು ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಒಮ್ಮೆ ಬಂಡೆಯ ಕಡೆಗೇ ಹೋಯಿತು. ಎಡಕ್ಕೆ ಎನ್ನಲು ಭಾವನಿಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅವರು ಬಾಯಿ ಬಿಡಲಿಲ್ಲ, ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಒಂದು ಮೋಟಾರು ದೋಣಿ ಹಾದುಹೋಗಿ ಎತ್ತರದ ಅಲೆ ಎದ್ದುಬಂದಾಗ, ಕೈ ಮಾತ್ರ ಜಾಕೆಟ್ಟಿನ ಪಟ್ಟಿಯನ್ನು ಹಿಡಿದುಕೊಂಡಿತು. ಅಕ್ಕ ಹಲ್ಲು ಕಚ್ಚಿ ಪೆಡಲು ಒತ್ತಿ, ಮೂತಿಯನ್ನು ಅಲೆಗೇ ತಿರುಗಿಸಿದಳು. ಕಯಾಕು ಏರಿ, ಇಳಿದು, ನೆಟ್ಟಗೆ ನಿಂತಿತು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದು ಕಾರಿನ ಹತ್ತಿರ ಬಂದಾಗ ಅಕ್ಕ ಕೈ ಚಾಚಿದಳು. ಭಾವ ಕೀ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತರು. ಫ್ರೀವೇಗೆ ಸೇರುವಾಗ ಅವರ ಕೈ ಸೀಟ್ ಬೆಲ್ಟನ್ನು, ಅಂದು ಜಾಕೆಟ್ಟಿನ ಪಟ್ಟಿಯನ್ನು ಹಿಡಿದಂತೆಯೇ ಹಿಡಿದುಕೊಂಡಿದ್ದನ್ನು ನಾನು ಹಿಂದಿನ ಸೀಟಿನಿಂದ ನೋಡಿದೆ.

"ಬರ್ಕ್ಲಿಯವರಿಗೆ ನಾಳೆ ಹೇಳ್ತೀನಿ, ಬರ್ತೀನಿ ಅಂತ" ಎಂದಳು ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ. ಸ್ವಲ್ಪ ಹೊತ್ತು ಬಿಟ್ಟು, "ಏನ್ರೀ, ಇವತ್ತು ಏನೂ ತೋರಿಸ್ತಾನೇ ಇಲ್ಲ?" ಎಂದು ಕೇಳಿದಳು.

ಭಾವ ಕಿಟಕಿಯ ಕಡೆ ತಿರುಗಿದ್ದರು. ಆಚೆ ಹುಲ್ಲುಗುಡ್ಡಗಳ ಮೇಲೆ ಸಂಜೆಬಿಸಿಲು ಬಿದ್ದಿತ್ತು.

"ನೋಡ್ತಾ ಇದೀನಿ ಕಣೆ" ಎಂದರು. "ಇಷ್ಟು ವರ್ಷ ಓಡಿಸ್ದೆ, ಈ ಗುಡ್ಡಾನ ನಾನು ನೋಡೇ ಇರ್ಲಿಲ್ಲ."