ಹಾಸಿಗೆಯಲ್ಲಿ ಉಬ್ಬಿದ ಹಿಟ್ಟು

ಧಡ್! ಗುರ್‌ರ್‌ರ್…

ನೆಲಮಾಳಿಗೆಯಲ್ಲಿ ನಮ್ಮ ಎಣ್ಣೆ ಫರ್ನೇಸು ಹೊತ್ತಿಕೊಳ್ಳುವ ಸದ್ದು ಇದು. ಇದು ಕೇಳಿದಾಗಲೆಲ್ಲ ಮನೆ ಬೆಚ್ಚಗಾಗುತ್ತಿತ್ತು, ನನ್ನ ಎದೆ ಹೆಪ್ಪುಗಟ್ಟುತ್ತಿತ್ತು. ಎಣ್ಣೆಯ ಬೆಲೆ ಆ ಚಳಿಗಾಲ ಏಣಿ ಹಾಕಿಕೊಂಡು ಆಕಾಶಕ್ಕೆ ಹೊರಟಿತ್ತು. ಫರ್ನೇಸು ಒಂದು ಸಲ ಗುರುಗುಟ್ಟಿತೆಂದರೆ ನಾನು ಹಿಡಿದ ಒಂದು ಬುಟ್ಟಿ ಕಾಡ್ ಮೀನು ಹೊಗೆಯಾಗಿ ಚಿಮಣಿ ಹತ್ತಿತೆಂದೇ ಅರ್ಥ!

ಒಂದು ದಿನ ಊಟದ ಮೇಜಿನಿಂದ ಎದ್ದು ನಿಂತು ಘೋಷಿಸಿಯೇಬಿಟ್ಟೆ. "ಇನ್ನು ಈ ಮನೆಯಲ್ಲಿ ಒಂದು ತೊಟ್ಟು ಎಣ್ಣೆಯೂ ಉರಿಯಕೂಡದು! ಈ ಹೆಡ್ಲಿ ಪಾರ್ಡಿ ಬರೀ ಗಾಳಿಯಿಂದ ಮನೆ ಬೆಚ್ಚಗಿಡ್ತಾನೆ!"

"ಗಾಳಿಮಾತಿಗೆ ನಿನ್ನನ್ನ ಬಿಟ್ರೆ ಇಲ್ಲ ಮಾರಾಯಾ," ಎಂದಳು ನನ್ನ ಹೆಂಡತಿ ವರ್ನಾ, ಆಲೂಗಡ್ಡೆ ಬಡಿಸುತ್ತ.

ಆದರೂ ಹೊರಗಿನ ಗಾಳಿಯ ಕಾವನ್ನು ಹೀರಿ ಮನೆಯೊಳಗೆ ಬಿಡುವ ಹೀಟ್ ಪಂಪ್ ಬಂದೇ ಬಂತು. ಒಂದು ಪೆಟ್ಟಿಗೆ ಹೊರಗೆ, ಕೊಲ್ಲಿಯ ಕಡೆಯ ಗೋಡೆಗೆ. ಇನ್ನೊಂದು ಒಳಗೆ, ಅಡುಗೆಮನೆಯ ಬಾಗಿಲ ಮೇಲೆ. ಮೊದಲ ದಿನ ನಾನು ಹಿಮದಲ್ಲಿ ಹೊರಗಿನ ಪೆಟ್ಟಿಗೆಯ ಮುಂದೆ ಕೈಯೊಡ್ಡಿ ನಿಂತೆ. ಅದರ ಉಸಿರು ಹಿಮಕ್ಕಿಂತ ತಣ್ಣಗಿತ್ತು. ಒಳಗೆ ಓಡಿಬಂದು ಕೈಯೊಡ್ಡಿದೆ: ಕರುವಿನ ಮೂತಿಯ ಬಿಸುಪು! ಕೊರೆಯುವ ಕಡಲಗಾಳಿಯ ಎದೆಯಲ್ಲೂ ಇಷ್ಟು ಕಾವು ಅಡಗಿತ್ತೆ? ಹುಟ್ಟಿದಾಗಿನಿಂದ ಅದೇ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡಿದವನು ನಾನು. ಆ ಕಾವನ್ನು ಹಿಂಡಿ ತೆಗೆಯುವ ಕರೆಂಟು ಗುಡ್ಡದಾಚೆಯ ನದಿಯದು. ಮೇಲೆ ಮಂಜುಗಡ್ಡೆ ಹೊದ್ದು ಮಲಗಿದಂತೆ ಕಾಣುವ ನದಿ, ಅಡಿಯಲ್ಲಿ ನಿದ್ದೆಗೆಟ್ಟು ನಮಗಾಗಿ ಚಕ್ರ ತಿರುಗಿಸುತ್ತಿದೆ! ಮತ್ತೆ ಹೊರಗೆ ಹೋಗಿ, ಟೋಪಿ ತೆಗೆದು ಪೆಟ್ಟಿಗೆಗೆ ತಲೆಬಾಗಿದೆ. ಕಿವಿ ಮರಗಟ್ಟಿತು.

ಬೆರಗಾಗದೆ ಉಳಿದವರು ಮನೆಯಲ್ಲಿ ಒಬ್ಬರೇ, ನಮ್ಮ ಜೊತೆಗಿದ್ದ ನನ್ನ ಅತ್ತೆ ಸೆಲೀನಾ. ಮನೆಯ ಬ್ರೆಡ್ಡೆಲ್ಲ ಅವರ ಕೈಯದು. ನಾದಿದ ಹಿಟ್ಟಿನ ಮೇಲೆ ಬೆರಳಿನಿಂದ ಒಂದು ಶಿಲುಬೆ ಎಳೆದು, "ಇನ್ನು ನಿನ್ನ ಕೆಲಸ ನೀನು ಮಾಡು" ಎಂದು, ಕಾವಿಗೆ ಉಬ್ಬಲೆಂದು ಬೋಗುಣಿಯನ್ನು ಫರ್ನೇಸಿನ ಪಕ್ಕದಲ್ಲಿಟ್ಟು ಬರುತ್ತಿದ್ದರು. ಅದು ಹಿಟ್ಟಿನ ತೊಟ್ಟಿಲು.

"ಏನಪ್ಪಾ ಅಳಿಯ, ನಿನ್ನ ಗಾಳಿಪೆಟ್ಟಿಗೆ ಹಿಟ್ಟು ಉಬ್ಬಿಸುತ್ತಾ?"

"ಉಬ್ಬಿಸದೆ ಏನು ಅತ್ತೆ!"

"ಹಾಗಾದ್ರೆ ಉಬ್ಬಿಸಿ ತೋರಿಸು. ಶನಿವಾರ ಫರ್ನೇಸ್ ಹೊತ್ಕೊಂಡು ಹೋಗೋಕೆ ಗಸ್ ಬರ್ತಾನಲ್ಲ, ಅಷ್ಟರೊಳಗೆ. ಹಿಟ್ಟು ಉಬ್ಬದೆ ಫರ್ನೇಸ್ ಹೋದ್ರೆ, ನಾನೂ ಬೋಗುಣಿ ಎತ್ಕೊಂಡು ಗ್ಯಾಂಡರ್‌ಗೆ ಹೋಗ್ತೀನಿ, ಕಿರಿಮಗಳ ಮನೆಗೆ!"

ಅತ್ತೆಯ ಬಿಸಿ ಬ್ರೆಡ್ಡು, ಮೇಲೆ ಬೆಣ್ಣೆ, ಅದರ ಮೇಲೆ ಕಪ್ಪು ಕಾಕಂಬಿ! ಅದಿಲ್ಲದೆ ಸ್ವರ್ಗಕ್ಕೆ ಕರೆದರೂ ನಾನು ಹೋಗುವವನಲ್ಲ.

ಶುಕ್ರವಾರ ಬೋಗುಣಿಯನ್ನು ಒಳಪೆಟ್ಟಿಗೆಯ ನೇರ ಕೆಳಗಿಟ್ಟು, ರಿಮೋಟನ್ನು ತುತ್ತತುದಿಗೆ ಒತ್ತಿದೆ. ಬಿಸಿಗಾಳಿ ಭರ್ರನೆ ಸುರಿಯಿತು. ಮಧ್ಯಾಹ್ನ ನೋಡಿದರೆ ಹಿಟ್ಟಿನ ಮೇಲೆ ಆಮೆಯ ಬೆನ್ನಿನಂಥ ಚಿಪ್ಪು! ಅತ್ತೆ ಬೆರಳ ಗಿಣ್ಣಿನಿಂದ ಬಡಿದರು. ಟಕ್ ಟಕ್.

"ಜೋಪಾನವಾಗಿ ಇಟ್ಕೋ. ದೋಣಿ ತೂತು ಬಿದ್ರೆ ಮುಚ್ಚೋಕಾಗುತ್ತೆ."

ಶನಿವಾರ ಬೆಳಿಗ್ಗೆ ಅತ್ತೆ ಮತ್ತೆ ಹಿಟ್ಟು ನಾದಿಟ್ಟು ಚರ್ಚಿನ ಹೆಂಗಸರ ಚಹಾಕ್ಕೆ ಹೋದರು. ಆಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು! ಫರ್ನೇಸ್ ಇಲ್ಲದ ಕಾಲದಲ್ಲಿ ಅವರ ಅಪ್ಪ ಬೋಗುಣಿಗೆ ಕೋಟು ಸುತ್ತಿ, ಪಕ್ಕದಲ್ಲೇ ಮಲಗಿಸಿಕೊಂಡು ಹಿಟ್ಟು ಉಬ್ಬಿಸುತ್ತಿದ್ದರೆಂದು ಅತ್ತೆಯೇ ಹೇಳಿದ್ದರು. ಹಾಗೆ ನೋಡಿದರೆ ನಾನೇನು ಕಡಿಮೆ? ಬೆಳಿಗ್ಗೆ ಹೊಟ್ಟೆಗೆ ಎರಡು ಮೊಟ್ಟೆ ಹಾಕಿದರೆ ಸಂಜೆವರೆಗೆ ಕಾವು ಕೊಡುವ, ಹೊಗೆ ಬಿಡದ, ಎಂದೂ ಬತ್ತದ ಶಕ್ತಿಮೂಲ!

ಬೋಗುಣಿ ಎತ್ತಿಕೊಂಡು ಹೊರಟೆ. ವರ್ನಾ ಅಡ್ಡ ನಿಂತಳು.

"ಎಲ್ಲಿಗೆ?"

"ಹಾಸಿಗೆಗೆ."

"ಮದುವೆಯಾದ ದಿನ ನನ್ನನ್ನೂ ಇಷ್ಟು ಜೋಪಾನವಾಗಿ ಎತ್ಕೊಂಡು ಹೋಗಲಿಲ್ಲವಲ್ಲೋ! ಇರು, ಅರ್ಧ ಇಲ್ಲೇ ಬಿಟ್ಟು ಹೋಗು. ಎಲ್ಲಾನೂ ನಿನ್ನ ಜೊತೆ ಮುಳುಗೋದು ಬೇಡ." ಅರ್ಧ ಹಿಟ್ಟು ಕಿತ್ತುಕೊಂಡಳು.

ಕಂಬಳಿಯೊಳಗೆ ಬೋಗುಣಿಯನ್ನು ತಬ್ಬಿ ಮಲಗಿದೆ. ಕಾವು ಕೊಡುವುದೂ ದಣಿವಿನ ಕೆಲಸ, ಕಣ್ಣು ಹತ್ತಿತು. ಕನಸಿನಲ್ಲಿ ಮೆತ್ತನೆಯ ತಿಮಿಂಗಿಲವೊಂದು ಅಕ್ಕರೆಯಿಂದ ನನ್ನನ್ನು ನುಂಗುತ್ತಿತ್ತು. ಯಾರೋ ಕಿರುಚಿದರು, ಎಚ್ಚರವಾಯಿತು. ಬಾಗಿಲಲ್ಲಿ ಅತ್ತೆ! ಹಿಂದೆ ಫರ್ನೇಸ್ ಸಾಗಿಸಲು ಬಂದ ಗಸ್! ಬೋಗುಣಿ ಮಗುಚಿತ್ತು. ಹಿಟ್ಟು ದಿಂಬು ಏರಿ, ತೋಳು ದಾಟಿ, ನನ್ನ ಗಡ್ಡದಲ್ಲಿ ಬಿಡಾರ ಹೂಡಿತ್ತು.

"ಹೆಡ್ಲಿ," ಎಂದ ಗಸ್, "ನೀನು ಎಲ್ಲಿಗೆ ಮುಗೀತೀಯ, ಹಿಟ್ಟು ಎಲ್ಲಿಂದ ಶುರುವಾಗುತ್ತೆ ಅಂತ ಸ್ವಲ್ಪ ಹೇಳ್ತೀಯಾ?"

"ಉಬ್ಬಿದೆ! ಅತ್ತೆ, ನೋಡಿ, ಉಬ್ಬಿದೆ!"

"ಉಬ್ಬಿಸಿದ್ದು ನಿನ್ನ ಹೊಟ್ಟೆ. ಪೆಟ್ಟಿಗೆ ಅಲ್ಲ. ನಾನು ಬ್ರೆಡ್ ಮಾಡೋ ದಿನವೆಲ್ಲ ನೀನು ಬಾಣಂತಿ ಹಾಗೆ ಮಲಗಿರ್ತೀಯಾ? ಗಸ್, ಫರ್ನೇಸ್ ಮುಟ್ಟಬೇಡ!"

ಮುಗಿಯಿತು! ಮತ್ತೆ ಆ ಗುರ್‌ರ್‌ರ್ ಸದ್ದು, ಮತ್ತೆ ಮೀನಿನ ಹೊಗೆ. ಅಷ್ಟರಲ್ಲಿ ಅಡುಗೆಮನೆಯಿಂದ ವರ್ನಾಳ ದನಿ: "ಅಮ್ಮಾ, ಸ್ವಲ್ಪ ಇಲ್ಲಿ ಬಾ!"

ಎಲ್ಲರೂ ಹೋದೆವು. ನಾನು ಹಿಟ್ಟಿನ ಬಾಲ ಎಳೆದುಕೊಂಡು ಹೋದೆ. ಮೂಲೆಯ ಕುರ್ಚಿಯ ಮೇಲೆ, ಒದ್ದೆ ಬಟ್ಟೆಯಡಿ ಒಂದು ಪಾತ್ರೆ. ವರ್ನಾ ಬಟ್ಟೆ ಎತ್ತಿದಳು. ಕೊಲ್ಲಿಯ ಮೇಲೆ ಏರುವ ಹುಣ್ಣಿಮೆಯ ಚಂದ್ರನ ಹಾಗೆ ಹಿಟ್ಟು ತುಂಬಿ ನಿಂತಿತ್ತು.

"ಇದರ ಜೊತೆ ಯಾರು ಮಲಗಿದ್ರು?" ಎಂದರು ಅತ್ತೆ.

"ಯಾರೂ ಇಲ್ಲ. ಗಾಳಿ ನೇರ ಬಡೀದ ಹಾಗೆ ಮೂಲೇಲಿಟ್ಟು ಬಟ್ಟೆ ಮುಚ್ಚಿದೆ, ಅಷ್ಟೇ. ಉಳಿದಿದ್ದನ್ನ ಪೆಟ್ಟಿಗೆ ನೋಡ್ಕೊಂಡ್ತು."

ಅತ್ತೆ ಹಿಟ್ಟನ್ನು ಬೆರಳಿನಿಂದ ಒತ್ತಿದರು. ಅದು ಮೆಲ್ಲಗೆ ಮೇಲೆದ್ದು ಬಂತು. ಬಾಗಿಲ ಮೇಲಿನ ಪೆಟ್ಟಿಗೆ ನೋಡಿದರು. ಕಿಟಕಿಯಾಚೆ ಬೀಸುತ್ತಿದ್ದ ಹಿಮ ನೋಡಿದರು. ದನಿ ತಗ್ಗಿತು.

"ಈ ಕಾವು… ಆ ಹಿಮದೊಳಗಿಂದ ಬಂತಾ?"

"ಹೌದು ಅತ್ತೆ."

ಆಮೇಲೆ ಅವರು, "ಗಸ್, ಫರ್ನೇಸ್ ತಗೊಂಡು ಹೋಗಪ್ಪಾ," ಎಂದು ಕೋಟು ಹಾಕಿಕೊಂಡು, ಕೈಯ ಹಿಟ್ಟನ್ನೂ ತೊಳೆಯದೆ ಹೊರಗೆ ನಡೆದರು.

ಕಿಟಕಿಯಿಂದ ನೋಡಿದೆ. ಪೆಟ್ಟಿಗೆಯ ತಣ್ಣನೆಯ ಉಸಿರಿಗೆ ಕೈಯೊಡ್ಡಿ ನಿಂತಿದ್ದರು. ಆಮೇಲೆ ಅದರ ನೆತ್ತಿಯ ಹಿಮ ಒರೆಸಿ, ಹಿಟ್ಟಿನ ಬೆರಳಿನಿಂದ ಒಂದು ಶಿಲುಬೆ ಎಳೆದರು. ನನ್ನ ಕಣ್ಣು ತುಂಬಿ ಬಂತು. ಕಿಟಕಿ ತೆರೆದು ಕೂಗಿದೆ.

"ಅತ್ತೆ! ನಾನೂ ಬೆಳಿಗ್ಗೆಯಿಂದ ಕಾವು ಕೊಟ್ಟಿದ್ದೀನಿ. ನನಗೂ ಒಂದು ಶಿಲುಬೆ…"

"ನಿನಗೆ ಒದ್ದೆ ಬಟ್ಟೆ ಸಾಕು ಕಣಪ್ಪಾ! ಬಾಯಿ ಪೂರ್ತಿ ಮುಚ್ಚೋ ಅಷ್ಟು ದೊಡ್ಡದು!"

"ಅಲ್ಲ ಅತ್ತೆ, ನಾನು ಹೇಳೋದು…"

ಅವರು ಆಗಲೇ ಬೆನ್ನು ತಿರುಗಿಸಿ, ಹಿಮದಲ್ಲಿ ಬೂಟು ಊರುತ್ತ ಮನೆಯ ಮೂಲೆ ದಾಟಿದ್ದರು.