ಸೀರೆಯಿಂದ ರಟ್ಟಿಗೆ ಹೋದ ಗಿಳಿ

ಸಲಹೆ ಕೊಡುವುದರಲ್ಲಿ ನಾನು ಜಿಪುಣನಲ್ಲ. ಚಳ್ಳಕೆರೆಯ ನನ್ನ ಸೀರೆ ಅಂಗಡಿ ನಿಂತಿರುವುದೇ ಈ ಬಾಯಿಯ ಮೇಲೆ. ಅಂಥ ಬಾಯಿ ಕಟ್ಟಿಹೋದದ್ದು ಮಗಳು ಶೋಭಾಳ ಪಿಯುಸಿ ಜೀವಶಾಸ್ತ್ರದ ಮುಂದೆ. ಒಮ್ಮೆ ಫೇಲಾಗಿದ್ದಳು. ಅವಳಿಗೆ ನರ್ಸಿಂಗ್ ಓದುವ ಆಸೆ. ಈ ಸಲವೂ ಹೋದರೆ ಅಂಗಡಿಯಲ್ಲಿ ಸೀರೆ ಮಡಚಬೇಕೆಂದು ನನ್ನ ತೀರ್ಪು. "ಅಪ್ಪಾ, ಎಲ್ಲಾ ಕಡೆ ಡಿಎನ್‌ಎ ನೋಡ್ಕಂಡು ಆರ್‌ಎನ್‌ಎ ಆಗ್ತೈತೆ. ಈ ಎಚ್‌ಐವಿ ಥರದ ರೆಟ್ರೋವೈರಸ್ ಮಾತ್ರ ಆರ್‌ಎನ್‌ಎ ಇಟ್ಕಂಡು ಡಿಎನ್‌ಎ ಮಾಡ್ತೈತಂತೆ. ಹೆಂಗೆ?" ಎಂದಳು. "ಬಾಯಿಪಾಠ ಮಾಡವ್ವ" ಎಂದೆ. ಅವಳು ಅಳುವುದೊಂದು ಬಾಕಿ.

ಮೊಳಕಾಲ್ಮೂರಿಗೆ ಹೊರಟಿದ್ದೆ, ಅವಳನ್ನೂ ಕರೆದೊಯ್ದೆ. ಅಲ್ಲಿ ನೇಕಾರ ಆಂಜನೇಯುಲುಗೆ ನಮ್ಮವ್ವನ ಗಿಳಿ ಅಂಚಿನ ರೇಷ್ಮೆ ಸೀರೆ ಕೊಟ್ಟಿದ್ದೆ, ಅಂಥದ್ದೇ ಬೇಕೆಂದು. ತೂತು ಹೊಡೆದ ರಟ್ಟಿನ ಪಟ್ಟಿಗಳ ಸರ ಹೇಳಿದಂತೆ ಮಗ್ಗ ಚಿತ್ತಾರ ನೇಯುತ್ತದೆ. ಗಿಳಿಯ ರಟ್ಟು ಎಂದೋ ಗೆದ್ದಲ ಪಾಲಾಗಿತ್ತು. ಆತ ಸೀರೆಯ ಎಳೆ ಎಣಿಸಿ ಹೊಸ ರಟ್ಟು ಹೊಡೆಯುತ್ತಿದ್ದ. "ವಾರ ಬೇಕು ಸಾವ್ಕಾರ್ರೆ" ಎಂದವನನ್ನು ಚೌಕಾಸಿ ಮಾಡಿ ಎರಡು ದಿನಕ್ಕೆ ಇಳಿಸಿದ್ದೆ.

ಶೋಭಾ ಬಗ್ಗಿ ನೋಡಿದಳು. "ಮಾಮ, ರಟ್ಟಿಂದ ಸೀರೆ ಆಗ್ಬೇಕಲ್ವಾ?"

"ಅವುನಮ್ಮಾ, ಇದು ಉಲ್ಟಾ ಕೆಲಸ. ಈ ರಟ್ಟನ್ನ ಮಗ್ಗದ ಸರದಾಗೆ ಸೇರ್ಸಿ ಹೊಲಿದ್ರೆ, ಹೊರಗಿಂದು ಅಂತ ಮಗ್ಗಕ್ಕೇನು ಗೊತ್ತು? ನೇಯ್ತಾನೇ ಇರ್ತೈತೆ."

"ಅಪ್ಪಾ, ವೈರಸ್ಸೂ ಹಂಗೇ!" ಎಂದು ಅವಳು ಕುಣಿದಳು. "ಆರ್‌ಎನ್‌ಎ ನೋಡಿ ಡಿಎನ್‌ಎ ಬರ್ಕಂಡು, ನಮ್ ಜೀವಕೋಶದ ಡಿಎನ್‌ಎ ಒಳಗೇ ಸೇರ್ಸಿಬಿಡ್ತೈತೆ. ಆಮೇಲೆ ನಮ್ ಜೀವಕೋಶಾನೇ ವೈರಸ್ ತಯಾರು ಮಾಡ್ತೈತೆ! ಆ ನಕಲು ಮಾಡೋ ಕಿಣ್ವಾನ ತಡೆಯೋಕೆ ಔಷಧಿ ಬಂದೈತೆ."

"ನನ್ನ ಕೈ ತಡೀಬ್ಯಾಡ ತಾಯಿ. ನಿಮ್ಮಪ್ಪನ ಅವಸರಕ್ಕೆ ಒಂದು ತೂತು ತಪ್ಪಿದ್ರೆ ಸೀರೆ ಸೀರೆಗೂ ಅದೇ ತಪ್ಪು."

"ಆ ಕಿಣ್ವಾನೂ ಅವಸರದ್ದೇ ಮಾಮ, ತಪ್ಪು ಜಾಸ್ತಿ ಮಾಡ್ತೈತೆ" ಎಂದು ನನ್ನ ಕಡೆ ನೋಡಿ ನಕ್ಕಳು. ನಾನು ಗಡಿಯಾರ ನೋಡಿದೆ.

ಶೋಭಾ ಪಾಸಾದಳು. ನರ್ಸಿಂಗ್ ಸೇರಿ, ಆ ಔಷಧಿ ಕೊಡುವ ವಾರ್ಡಿನಲ್ಲೇ ಕೆಲಸ ಮಾಡ್ತೀನಿ ಅನ್ನುತ್ತಾಳೆ. ಪರೀಕ್ಷೆಗೆ ಹೆದರುವ ಮಕ್ಕಳಿಗೆ ನಾನೀಗ ಉಚಿತವಾಗಿ ಹೇಳುವುದುಂಟು: ಅವಸರ ಬೇಡ, ಅರ್ಥ ಮಾಡಿಕೊಂಡು ಓದಿ. ಆಗೆಲ್ಲ ನನ್ನ ಹೆಂಡತಿ ಅಂಗಡಿಯ ಬೀರುವಿನ ಕಡೆ ನೋಡುತ್ತಾಳೆ. ಅಲ್ಲಿ ಆ ಎರಡು ದಿನದ ರಟ್ಟಿನಿಂದ ಬಂದ ಸೀರೆಗಳಿವೆ. ಒಂದು ಗಿಳಿಗೂ ಕಣ್ಣಿಲ್ಲ. ಗಿರಾಕಿಗಳು ಕೇಳಿದರೆ ನಾನು ತಡವರಿಸುವುದಿಲ್ಲ: "ಮಲಗೈತೆ ಕಣವ್ವಾ, ಮೆಲ್ಲಗೆ ಮಡಚು."