ಹಗುರ ರೈಫಲ್ಲಿನ ಒದೆ

ತೂಕ ಇಳಿಸುವುದು ನನಗೊಂದು ಚಟ, ಮೈಯದ್ದಲ್ಲ, ಸಾಮಾನಿನದು. ಊರಿಗೆ ಹೊರಡುವ ಮುನ್ನ ಅಮೆರಿಕದ ಫ್ರೀಮಾಂಟಿನ ಮನೆಯಲ್ಲಿ ಸೂಟ್‌ಕೇಸು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತೇನೆ. ಹೊಟ್ಟೆ ಅಡ್ಡ ಬರುವುದರಿಂದ ಅಂಕಿ ಓದುವವಳು ಹೆಂಡತಿ ವಾಣಿ. ಅರ್ಧ ಕಿಲೋ ಹೆಚ್ಚಾದರೆ ನನ್ನ ಚಪ್ಪಲಿ ಹೊರಗೆ, ಅವಳ ತಂಗಿಯ ಶಾಂಪೂ ಒಳಗೇ. ಹೀಗಾಗಿ ಆಫೀಸಿನ ಗ್ರೆಗ್, ಗುಡ್ಡ ಹತ್ತಿ ದೂರದ ಜಿಂಕೆ ಹೊಡೆಯಲು ಬಲು ಹಗುರವಾದ ರೈಫಲ್ಲು ಕೊಂಡೆ ಎಂದಾಗ ನನಗೆ ಬಂಧುಪ್ರೀತಿ ಉಕ್ಕಿತು.

ನಿಜ ಹೇಳಬೇಕೆಂದರೆ, ನನಗೆ ಬೇಕಿದ್ದದ್ದು ರೈಫಲ್ಲಲ್ಲ, ಗ್ರೆಗ್‌ನ ಗುಂಪು. ಪಾಲೋ ಆಲ್ಟೋದ ಆಫೀಸಿನಲ್ಲಿ ಹತ್ತು ವರ್ಷ ಆ ಬೇಟೆಗಾರರ ಮೇಜಿನ ತುದಿಯಲ್ಲಿ ಕೂತು ಮೊಸರನ್ನ ತಿಂದಿದ್ದೇನೆ. ಒಬ್ಬನೂ ನನ್ನನ್ನು ಒಂದು ಪ್ರಶ್ನೆ ಕೇಳಿದವನಲ್ಲ. ಅದು ನೋಯುತ್ತಿತ್ತು. ಅದಕ್ಕೇ ಶನಿವಾರ ಮಾರ್ಗನ್ ಹಿಲ್ ಆಚೆ ಗುಂಡು ಹೊಡೆಯುವ ಅಭ್ಯಾಸದ ಶೂಟಿಂಗ್ ರೇಂಜಿಗೆ ನಾನೂ ಬರುತ್ತೇನೆಂದು ದುಂಬಾಲು ಬಿದ್ದೆ. ನಾನು ಮೊಟ್ಟೆಯನ್ನೂ ತಿನ್ನದವನು, ಆದರೆ ಕಾಗದದ ಜಿಂಕೆಗೆ ಎಂಥ ಮಡಿ?

ಗ್ರೆಗ್ ಪಾಠ ಹೇಳಿದ: ರೈಫಲ್ಲಿನ ಹಿಂಬದಿಯನ್ನು ಭುಜಕ್ಕೆ ಗಟ್ಟಿಯಾಗಿ ಒತ್ತಿ ಹಿಡಿ, ಅದರ ಮೇಲೆ ಕೂರಿಸಿರುವ ದುರ್ಬೀನಿನಿಂದ ಕಣ್ಣು ದೂರವಿರಲಿ. ನನ್ನ ಗಮನವೆಲ್ಲ ನಳಿಗೆಯ ತುದಿಯಲ್ಲಿದ್ದ ಲೋಹದ ತುಂಡಿನ ಮೇಲಿತ್ತು. "ಅದು ಬ್ರೇಕು, ಗುಂಡು ಹಾರಿದಾಗ ರೈಫಲ್ಲು ಹಿಂದಕ್ಕೆ ಕೊಡುವ ಒದೆ ತಗ್ಗಿಸುತ್ತದೆ" ಎಂದ.

"ಸುಮ್ಮನೆ ಭಾರ, ತೆಗೆದುಬಿಡು. ನಾನು ಮೆಕ್ಯಾನಿಕಲ್ ಎಂಜಿನಿಯರು" ಎಂದೆ. ಅವನು ನನ್ನನ್ನೊಮ್ಮೆ ನೋಡಿ ಅದನ್ನು ತಿರುಚಿ ತೆಗೆದ. ನಾನು ರೈಫಲ್ಲನ್ನು ಹಸುಗೂಸಿನಂತೆ ಮೆತ್ತಗೆ ಎತ್ತಿಕೊಂಡೆ. ಕನ್ನಡಕದಲ್ಲಿ ಗುರಿ ಮಸುಕಾಗಿ ಕಂಡಿತು. ಕತ್ತು ಮುಂದೆ ಚಾಚಿ ಟ್ರಿಗರು ಒತ್ತಿದೆ. ಗುಂಡು ಮಣ್ಣಿನ ದಿಬ್ಬಕ್ಕೆ ಹೋಯಿತು, ದುರ್ಬೀನು ನನ್ನ ಹುಬ್ಬಿಗೆ ಬಂತು. ಜಿಂಕೆ ಸುಖವಾಗಿತ್ತು.

"ಏನ್ರೀ ಇದು, ಹಣೆ ಮೇಲೆ ಅರ್ಧಚಂದ್ರ! ಗುರಿ ಆ ಕಡೆ ಇತ್ತಲ್ವಾ?" ಎಂದು ವಾಣಿ ಔಷಧಿ ಹಚ್ಚಿದಳು. ಮಗಳು ಬಾಗಿಲಲ್ಲೇ ನಿಂತು "ಡ್ಯಾಡ್, ಸೀರಿಯಸ್ಲಿ?" ಎಂದಷ್ಟೇ ಹೇಳಿ ಫೋಟೋ ತೆಗೆದುಕೊಂಡಳು.

ಸೋಮವಾರ ಆ ಮೇಜಿನವರು ನಡುವೆ ಜಾಗ ಮಾಡಿಕೊಟ್ಟರು. ಇಬ್ಬರು ತಮ್ಮ ಹುಬ್ಬಿನ ಹಳೆಯ ಗಾಯಗಳನ್ನು ತೋರಿಸಿದರು. "ಏನಾಯಿತು, ಹೇಳು" ಎಂದರು. ಹತ್ತು ವರ್ಷದಲ್ಲಿ ಮೊದಲ ಪ್ರಶ್ನೆ! ಮೊಸರನ್ನದ ಡಬ್ಬಿ ಪಕ್ಕಕ್ಕೆ ಸರಿಸಿದೆ. ಗುಂಡಿನ ವೇಗವೆಷ್ಟು, ರೈಫಲ್ಲು ಹಗುರವಾದಷ್ಟೂ ಯಾಕೆ ಜೋರಾಗಿ ಒದೆಯುತ್ತದೆ ಎಂಬುದನ್ನು ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಸೂತ್ರ ಸಮೇತ ಮುಕ್ಕಾಲು ಗಂಟೆ ವಿವರಿಸಿದೆ.

ಮಂಗಳವಾರ ಅವರೆಲ್ಲ ಹೊರಗೆ ಬಿಸಿಲಿನಲ್ಲಿ ನಿಂತುಕೊಂಡೇ ಊಟ ಮಾಡುತ್ತಿದ್ದರು.